ಮೊಣಕಾಲಲ್ಲಿ ತಟ್ಟೆ, ತೋಳಲ್ಲಿ ಇಲಿ

ನಾನು ಬಿದ್ದದ್ದು ದೊಡ್ಡ ಎತ್ತರದಿಂದೇನೂ ಅಲ್ಲ. ಪರದೆ ಕಟ್ಟಲು ಸ್ಟೂಲು ಹತ್ತಿದ್ದೆ, ಸ್ಟೂಲಿಗೂ ನನಗೂ ಹೊಂದಿಕೆಯಾಗಲಿಲ್ಲ, ಅಷ್ಟೆ. ಬಲಗಾಲಿನ ಮೊಣಕಾಲು ನೇರ ನೆಲಕ್ಕೆ ಬಡಿಯಿತು. ಆಸ್ಪತ್ರೆಯಲ್ಲಿ ಒಡೆದ ಚಿಪ್ಪಿಗೆ ತಂತಿ ಹಾಕಿ ಬಿಗಿದು, ಕಾಲನ್ನು ನೆಟ್ಟಗೆ ಪಟ್ಟಿಯಲ್ಲಿ ಕಟ್ಟಿ ಮನೆಗೆ ಕಳಿಸಿದರು. ಮೂಳೆ ಕೂಡಿಕೊಂಡ ಮೇಲೆ ಪಟ್ಟಿ ಬಿಚ್ಚಿದರು. ಆದರೆ ಕಾಲು ಮಡಚಲೇ ಇಲ್ಲ.

"ಮೂಳೆ ಚೆನ್ನಾಗಿ ಕೂಡಿದೆ. ಇನ್ನು ದಿನಾ ಮಡಿಸಿ ಮಡಿಸಿ ಅಭ್ಯಾಸ ಮಾಡಿಸಬೇಕು. ಇಲ್ಲದಿದ್ರೆ ಹೀಗೇ ನಿಂತುಬಿಡುತ್ತೆ" ಅಂದರು ಡಾಕ್ಟರು.

ನಾನು ದರ್ಜಿ. ಪೇಟೆಯ ಕಿರುಗಲ್ಲಿಯಲ್ಲಿ ನನ್ನದೊಂದು ಅಂಗಡಿ ಇದೆ. ಎದುರಿಗೆ ಒಂದು ಹೊಲಿಗೆ ಮಿಷನ್ನು, ಹಿಂದೆ ಕಿಟಕಿಗೆ ತಾಗಿದ ಹಾಗೆ ಕಟಿಂಗ್ ಟೇಬಲ್ಲು. ಮಿಷನ್ ಹೊಲಿಗೆ ಯಾರು ಬೇಕಾದರೂ ಹೊಲಿಯುತ್ತಾರೆ. ನಾನು ಹೆಸರಾದದ್ದು ಕೈಹೊಲಿಗೆಗೆ, ಅದರಲ್ಲೂ ಕೋಟಿನ ಕಾಲರಿಗೆ. ಕಾಲರಿನ ಕೆಲಸವನ್ನು ನಾನು ಆ ಟೇಬಲ್ಲಿನ ಮೇಲೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೂತೇ ಮಾಡುವುದು. ಕಾಲರನ್ನು ಮಡಿಸಿದ ಮೊಣಕಾಲ ಮೇಲೆ ಹರಡಿ, ಅದರ ಗುಂಡಗಿನ ಮೇಲೆ ಎಳೆದೆಳೆದು ಹೊಲಿದರೆ ಮಾತ್ರ ಅದು ಮನುಷ್ಯರ ಕತ್ತಿನ ಮೇಲೆ ಸುಖವಾಗಿ ಕೂರುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಒಮ್ಮೆ ಕುರ್ಚಿಯಲ್ಲಿ ಕೂತು ಹೊಲಿದು ನೋಡಿದೆ. ಆ ಕಾಲರು ಕುರ್ಚಿಯ ಹಾಗೇ ಬಂತು. ಬಿಚ್ಚಿ ಬಿಸಾಡಿದೆ.

ಪಕ್ಕದ ಜೆರಾಕ್ಸ್ ಅಂಗಡಿಯವನು ಬಂದು ಕೇಳಿದ್ದು ಆಗಲೇ. ಒಳ್ಳೆಯ ಮನುಷ್ಯ, ಕೈ ಕಟ್ಟಿಕೊಂಡು ನಿಂತೇ ಕೇಳಿದ. "ಅಮ್ಮಾ, ನಿಮಗೆ ಅಂಗಡಿ ಬೇಡ ಅನ್ನಿಸಿದ್ರೆ ಮಾತ್ರ. ನಡುವಿನ ಗೋಡೆ ಒಡೆಸಿದ್ರೆ ನನಗೂ ಉಸಿರಾಡೋಕೆ ಜಾಗ ಆಗುತ್ತೆ."

ನಮ್ಮನೆಯವರು ಬಸ್ಸು ಓಡಿಸಿ ರಿಟೈರಾದವರು, ಯಾವುದಕ್ಕೂ ಹಾರನ್ ಹೊಡೆಯುವವರಲ್ಲ. "ಸಾಕು ಬಿಡು, ಎಷ್ಟು ಅಂತ ಬೆನ್ನು ಬಗ್ಗಿಸ್ತೀಯ" ಅಂತ ಮೆಲ್ಲಗೆ ಅಂದರು. ಅವರು ಪ್ರೀತಿಯಿಂದಲೇ ಅಂದದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಉರಿದ ಸಿಟ್ಟಿನಲ್ಲೇ ಜೆರಾಕ್ಸಿನವನಿಗೆ ಹೇಳಿ ಕಳಿಸಿದೆ, ಮುಂದಿನ ಭಾನುವಾರ ಬಾ, ಬೀಗದ ಕೈ ಕೊಡ್ತೀನಿ ಅಂತ. ಹೇಳಿದ ಮೇಲೆ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಆ ಟೇಬಲ್ಲಿಲ್ಲದೆ ನಾನು ಯಾರು ಅಂತಲೇ ನನಗೆ ತಿಳಿಯಲಿಲ್ಲ.

ಇನ್ನು ಸೊಸೆಯ ವಿಷಯ. ಅವಳು ಕೆಲಸ ಮಾಡುವುದು ಆಸ್ಪತ್ರೆಯಲ್ಲಿ, ಹಿಡಿದುಕೊಂಡ ಕೈಕಾಲುಗಳನ್ನು ಬಿಡಿಸುವ ಫಿಸಿಯೋಥೆರಪಿ ಕೋಣೆಯಲ್ಲಿ. ಊರಿನವರ ಕೈಕಾಲನ್ನೆಲ್ಲ ಆಡಿಸಿ, ಸಂಜೆ ಮನೆಗೆ ಬಂದು ನನ್ನ ಕಾಲಿಗೆ ಗಂಟು ಬೀಳುತ್ತಿದ್ದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಸಾಕು, ನನಗೆ ಗಾಢ ನಿದ್ದೆ ಬಂದುಬಿಡುತ್ತಿತ್ತು. ಕಾಲು ಸರಿಯಿದ್ದಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದೆ. ಇಲ್ಲದ್ದರಿಂದ ಗೊರಕೆಯನ್ನೇ ನಂಬಿಕೊಂಡೆ.

"ಅತ್ತೆ, ಗೊರಕೆ ಹೊಡೆಯೋರು ಕಣ್ಣುರೆಪ್ಪೆ ಹಾಗೆ ಬಿಗಿ ಹಿಡ್ಕೊಳ್ಳಲ್ಲ" ಅನ್ನುತ್ತಿದ್ದಳು.

ಎಬ್ಬಿಸಿ, ಮಂಚದ ಅಂಚಿಗೆ ಕೂರಿಸಿ, ಹಿಮ್ಮಡಿ ಹಿಡಿದು ಕಾಲನ್ನು ಒಂದಿಷ್ಟು ಹಿಂದಕ್ಕೆ ತಳ್ಳುವಳು. ನಾನು ಬೀದಿಗೆಲ್ಲ ಕೇಳುವ ಹಾಗೆ ಕಿರುಚುವೆ. ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ನನಗೆ ನೋವಿಗಿಂತ ಭಯವೇ ಹೆಚ್ಚು. ಮಡಿಸಿದರೆ ಒಳಗಿನ ತಂತಿ ಕಿತ್ತು ಚಿಪ್ಪು ಮತ್ತೆ ಒಡೆದುಹೋಗುತ್ತದೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡುಬಿಟ್ಟಿತ್ತು. ಡಾಕ್ಟರು ಹೇಳಿದರೂ ಅಷ್ಟೆ, ಸೊಸೆ ಹೇಳಿದರೂ ಅಷ್ಟೆ.

ಅವಳು ಓದಿದ ದಪ್ಪ ಪುಸ್ತಕವೊಂದು ಮಂಚದ ಪಕ್ಕದ ಕಪಾಟಿನಲ್ಲಿತ್ತು. ದೇಹದ ಒಳಗಿನದನ್ನೆಲ್ಲ ಬಣ್ಣದ ಚಿತ್ರ ಬರೆದು ತೋರಿಸಿದ ಇಂಗ್ಲಿಷ್ ಪುಸ್ತಕ. ನನ್ನ ಇಂಗ್ಲಿಷು ಹೈಸ್ಕೂಲಿಗೇ ನಿಂತ ಗಾಡಿ. ಆದರೂ ಬೆರಳಿಟ್ಟುಕೊಂಡು ಓದಬಲ್ಲೆ, ಸಾಲಿನ ಕೊನೆ ತಲುಪುವಷ್ಟರಲ್ಲಿ ಚಹಾ ಆರುತ್ತದೆ, ಅಷ್ಟೆ. ಒಂದು ಮಧ್ಯಾಹ್ನ ಬೇಸರ ತಡೆಯದೆ ಅದನ್ನು ಎಳೆದುಕೊಂಡೆ. ಆಸ್ಪತ್ರೆಯ ಚೀಟಿಯಲ್ಲಿ ಪಟೆಲ್ಲಾ ಒಡೆದಿದೆ ಅಂತ ಬರೆದಿದ್ದರು. ಆ ಪದ ನೋಡಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಏನೋ ದೊಡ್ಡದೇ ಒಡೆದಿರಬೇಕು, ಇವರು ನನಗೆ ಹೇಳುತ್ತಿಲ್ಲ ಅಂದುಕೊಂಡಿದ್ದೆ.

ಹುಡುಕಿ ತೆಗೆದೆ. ಮೊಣಕಾಲ ಚಿಪ್ಪಿನ ಚಿತ್ರ. ಅದರ ಕೆಳಗೆ, ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಆ ಹೆಸರು ಎಲ್ಲಿಂದ ಬಂತು ಅಂತ ಕೊಟ್ಟಿದ್ದರು. ಪಟೆಲ್ಲಾ ಅಂದರೆ ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ತಟ್ಟೆ.

ನಾನು ಮತ್ತೊಮ್ಮೆ ಓದಿದೆ. ತಟ್ಟೆಯೇ. ಅಲ್ಲ, ನಾನು ಒಡೆದದ್ದು ಒಂದು ತಟ್ಟೆಯನ್ನೇ? ಈ ಮನೆಗೆ ಬಂದ ಮೇಲೆ ಒಡೆದ ತಟ್ಟೆಗಳಿಗೆ ಲೆಕ್ಕವಿಲ್ಲ, ಒಂದಕ್ಕೂ ಇಷ್ಟು ಗಲಾಟೆ ಆಗಿರಲಿಲ್ಲ! ನಾವು ಅದನ್ನೇ ಚಿಪ್ಪು ಅನ್ನುತ್ತೇವೆ. ಅವರಿಗೆ ತಟ್ಟೆಯಾಗಿ ಕಂಡದ್ದು ನಮ್ಮವರಿಗೆ ಚಿಪ್ಪಾಗಿ ಕಂಡಿದೆ. ಯಾವ ಕಾಲದವರೋ, ಯಾವ ದೇಶದವರೋ, ಅವರೂ ಪಾತ್ರೆಪಗಡೆಯ ನಡುವೆಯೇ ಬದುಕಿದವರು. ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಿದ್ದ ಮೇಲೆ ಅದೇ ಮೊದಲ ನಗು.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಬೆಳಿಗ್ಗೆ ಎದ್ದರೆ ಪುಸ್ತಕ, ಊಟ ಮುಗಿಸಿದರೆ ಪುಸ್ತಕ. ದೊಡ್ಡ ಅಕ್ಷರದ್ದು ನನಗೆ ಬೇಡ, ಅದು ಡಾಕ್ಟರುಗಳಿಗೆ. ನನಗೆ ಪುಟದ ತಳದ ಸಣ್ಣ ಅಕ್ಷರವೇ ಬೇಕು. ಮಸಲ್ ಅಂದರೆ ಪುಟ್ಟ ಇಲಿಯಂತೆ! ತೋಳು ಮಡಿಸಿದಾಗ ಚರ್ಮದ ಕೆಳಗೆ ಓಡಾಡಿದ ಹಾಗೆ ಕಾಣುತ್ತದಲ್ಲ, ಅದಕ್ಕೆ. ಕಾಲಿನ ಹಿಂಭಾಗದ್ದನ್ನು ನಾವು ಮೀನಖಂಡ ಅನ್ನುವುದಿಲ್ಲವೇ? ಅವರು ಇಲಿ ಹಿಡಿದರು, ನಾವು ಮೀನು ಹಿಡಿದೆವು. ಮೊಣಕಾಲ ಕೆಳಗಿನ ಉದ್ದನೆಯ ಮೂಳೆ ಟಿಬಿಯಾ. ಲ್ಯಾಟಿನ್ನಿನಲ್ಲಿ ಆ ಮೂಳೆಗೂ ಕೊಳಲಿಗೂ ಅದೇ ಹೆಸರು. ಬೆನ್ನಿನ ತುದಿಯ ಮೂಳೆಗೆ ಕಾಕ್ಸಿಕ್ಸ್ ಅನ್ನುತ್ತಾರೆ, ಗ್ರೀಕರ ಕೋಗಿಲೆ ಅದು, ಮೂಳೆ ಅದರ ಕೊಕ್ಕಿನ ಹಾಗಿದೆ ಅಂತ.

"ಸ್ವಲ್ಪ ಏಳ್ತೀರಾ?" ಅಂದೆ ನಮ್ಮನೆಯವರಿಗೆ.

"ಯಾಕೆ?"

"ಕೋಗಿಲೆ ಮೇಲೆ ಕೂತಿದ್ದೀರಿ."

ಅವರು ನಿಜವಾಗಿಯೂ ಎದ್ದು ಕುರ್ಚಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಮಾತ್ರೆ ಬದಲಾಯಿಸಿದ್ದಾರಾ ಅಂತ ಸೊಸೆಯನ್ನು ಅಡುಗೆಮನೆಗೆ ಕರೆದು ಕೇಳಿದ್ದು ನನಗೆ ಕೇಳಿಸಿತು.

ಸೊಸೆಗೂ ನನಗೂ ಅಲ್ಲಿಯವರೆಗೆ ಇದ್ದದ್ದು ಬರೀ ಮರ್ಯಾದೆ. ಅವಳು ನೀವು ಅನ್ನುವಳು, ನಾನು ಹೂಂ ಅನ್ನುವೆ. ಪುಸ್ತಕ ನಮ್ಮಿಬ್ಬರ ನಡುವೆ ಮಾತು ತಂದಿತು. ಅವಳು ಆ ಹೆಸರುಗಳನ್ನೆಲ್ಲ ಪರೀಕ್ಷೆಗೆಂದು ಉರು ಹೊಡೆದವಳು, ಪುಟದ ತಳಕ್ಕೆ ಕಣ್ಣು ಹಾಯಿಸಲು ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ. ಒಂದು ಸಂಜೆ ನಾನು ಅವಳಿಗೆ ಪ್ಯೂಪಿಲ್ ಅನ್ನುವ ಪದ ಓದಿ ಹೇಳಿದೆ. ಕಣ್ಣಿನ ನಡುವಿನ ಕಪ್ಪು. ಲ್ಯಾಟಿನ್ನಿನಲ್ಲಿ ಅದು ಪುಟ್ಟ ಗೊಂಬೆ, ಯಾಕೆಂದರೆ ಇನ್ನೊಬ್ಬರ ಕಣ್ಣಲ್ಲಿ ನೋಡಿದರೆ ಅಲ್ಲಿ ನಾವು ಗೊಂಬೆಯಷ್ಟಾಗಿ ಕಾಣುತ್ತೇವೆ.

"ಅತ್ತೆ!" ಅಂತ ಅವಳು ಕೂಗಿದಳು. "ಕಣ್ಣಪಾಪೆ! ನಾವೂ ಪಾಪೆ ಅಂತೀವಲ್ಲ!"

"ಹೌದೇ ಹೌದು. ನಮ್ಮಜ್ಜಿ ಬಟ್ಟೆಗೊಂಬೆಗೂ ಪಾಪೆ ಅಂತಿದ್ಳು ಕಣೇ."

ಇಬ್ಬರೂ ಬಾಯಿ ಬಿಟ್ಟುಕೊಂಡು ಕೂತೆವು. ಒಬ್ಬರ ಮಾತು ಇನ್ನೊಬ್ಬರ ಕಿವಿಗೇ ಬೀಳದಷ್ಟು ದೂರದ ಜನ, ಅವರ ಪ್ರೀತಿಪಾತ್ರರ ಕಣ್ಣಲ್ಲಿ ಅವರೂ, ನಮ್ಮವರ ಕಣ್ಣಲ್ಲಿ ನಾವೂ ಅದೇ ಗೊಂಬೆಯನ್ನು ನೋಡಿದ್ದೆವು. ಸೊಸೆ ದೀಪ ಹತ್ತಿರ ತಂದು, ನನ್ನ ಗಲ್ಲ ಹಿಡಿದು, ಕಣ್ಣಿನೊಳಗೆ ಇಣುಕಿದಳು. ನಾನೂ ಇಣುಕಿದೆ. ಅವಳ ಕಣ್ಣಲ್ಲಿ ಕನ್ನಡಕ ಹಾಕಿದ ಒಂದು ಸಣ್ಣ ಮುದುಕಿ ಕೂತಿದ್ದಳು. ಆ ಮುದುಕಿಯನ್ನು ನೋಡಿ ನನಗೆ ಯಾಕೋ ಬಹಳ ಸಂತೋಷವಾಯಿತು.

ಓದಿದ್ದು ಕೈಗೆ ಬರದಿದ್ದರೆ ನನಗೆ ಸಮಾಧಾನವಿಲ್ಲ. ಚಿತ್ರದ ಕಾಲನ್ನು ಬಟ್ಟೆಯಲ್ಲಿ ಮಾಡಿ ನೋಡೋಣ ಅನ್ನಿಸಿತು. ನಮ್ಮನೆಯವರ ಕಂದು ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ, ಚೂರುಬಟ್ಟೆ ತುರುಕಿ, ಒಂದು ದಪ್ಪ ಕಾಲು ಹೊಲಿದೆ. ಮಂಚದ ಮೇಲೆ ಕಾಲು ಚಾಚಿ ಕೂತು ಹೊಲಿಯಲು ಇಷ್ಟು ಸಾಕು, ಇದೇನು ಕಾಲರಲ್ಲವಲ್ಲ. ಆಮೇಲೆ ಅಂಗಡಿಯಿಂದ ಕೆಂಪು ಲೈನಿಂಗ್ ಬಟ್ಟೆ ತರಿಸಿ, ಪುಸ್ತಕದ ಚಿತ್ರವನ್ನು ಟೇಪು ಹಿಡಿದು ದೊಡ್ಡದು ಮಾಡಿಕೊಂಡು, ಚಾಕಿನಲ್ಲಿ ಗೆರೆ ಎಳೆದು, ತೊಡೆಯ ಒಂದೊಂದು ಇಲಿಯನ್ನೂ ಕತ್ತರಿಸಿದೆ. ತುದಿ ಸೇರಿಸಿ ಹೊಲಿದೆ. ನಿಲ್ಲಿಸಿ ನೋಡಿದರೆ ಕೆಂಪು ಪಟ್ಟಿಗಳೆಲ್ಲ ಸಡಿಲವಾಗಿ, ಉಬ್ಬಿ, ಜೋತು ಬಿದ್ದಿದ್ದವು.

ಸೊಸೆ ಬಂದವಳೇ ಅದನ್ನು ಎತ್ತಿ ತಿರುಗಿಸಿ ನೋಡಿದಳು. ಒಂದು ಪಟ್ಟಿಯ ಅಂಚನ್ನು ಬೆರಳಲ್ಲಿ ಹಿಡಿದಳು.

"ಅತ್ತೆ, ಇದೇನು ಸುತ್ತ ಬಿಟ್ಟಿರೋದು?"

"ಹೊಲಿಗೆಗೆ ಅಂಚು ಬಿಡಬೇಡ್ವಾ?" ಅಂದೆ. "ನಾಳೆ ದಪ್ಪಗಾದ್ರೆ ಬಿಚ್ಚಿ ದೊಡ್ಡದು ಮಾಡೋಕೆ?"

ಅವಳು ಆ ಕಾಲನ್ನು ತಬ್ಬಿಕೊಂಡೇ ನೆಲಕ್ಕೆ ಕುಸಿದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಅತ್ತೆ, ಮನುಷ್ಯರ ಮೈಗೆ ಯಾರೂ ಅಂಚು ಬಿಟ್ಟಿಲ್ಲ!" ನಲವತ್ತು ವರ್ಷದ ಕೈ ಸ್ವಾಮಿ, ಕತ್ತರಿ ಹಿಡಿದರೆ ತಾನೇ ಅಂಚು ಬಿಡುತ್ತದೆ. ನಮ್ಮನೆಯವರು ಸದ್ದು ಕೇಳಿ ಬಂದು, ಸೊಸೆಯ ತೋಳಲ್ಲಿ ತಮ್ಮ ಪ್ಯಾಂಟಿನ ಒಂಟಿ ಕಾಲು ನೋಡಿ, ಏನೂ ಕೇಳದೆ ಹೊರಟುಹೋದರು.

ಹೀಗೆ ನಗುತ್ತಾ ನಗುತ್ತಾ ವಾರ ಮುಗಿಯುತ್ತಾ ಬಂತು. ಶುಕ್ರವಾರ ಸಂಜೆ ಸೊಸೆ ಬರುವುದನ್ನೇ ಕಾಯುತ್ತಿದ್ದೆ.

"ಬಾ ಬಾ, ಇವತ್ತಿನದು ಕೇಳು. ಕ್ಲಾವಿಕಲ್! ಕುತ್ತಿಗೆ ಕೆಳಗಿನ ಮೂಳೆ. ಅದು ಪುಟ್ಟ ಬೀಗದ ಕೈಯಂತೆ!"

ಅವಳು ನಗಲಿಲ್ಲ. ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ನಿಂತೇ ಇದ್ದಳು.

"ಸಂತೋಷ ಅತ್ತೆ. ಅದು ಸಿಕ್ತು ಅಂತ ಇಷ್ಟು ಸಂಭ್ರಮ ಪಡ್ತೀರಿ. ಭಾನುವಾರ ನಿಮ್ಮ ಅಂಗಡಿದೇ ಬೀಗದ ಕೈ ಬೇರೆಯವರಿಗೆ ಕೊಡ್ತೀರಿ."

ನಾನು ಪುಟದ ಮೇಲಿದ್ದ ಬೆರಳು ತೆಗೆದೆ.

"ನಿಮಗೆ ಮೈಯಲ್ಲಿರೋ ಹೆಸರೆಲ್ಲ ಬೇಕು, ಮೈ ಮಾತ್ರ ಬೇಡ. ಕಾಲು ಮುಟ್ಟೋಕೆ ಬಂದ್ರೆ ಪುಸ್ತಕ ಅಡ್ಡ ಹಿಡೀತೀರಿ. ಮೊದಲು ಗೊರಕೆ ಇತ್ತು, ಈಗ ಲ್ಯಾಟಿನ್ನು. ಅಷ್ಟೇ ವ್ಯತ್ಯಾಸ."

ನನಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಆವತ್ತು ಅದು ಬರಲೇ ಇಲ್ಲ. ಅವಳು ಆಡಿದ್ದು ಅಕ್ಷರಶಃ ಸತ್ಯ. ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟೆ.

ಶನಿವಾರ ಮಧ್ಯಾಹ್ನ ಸೊಸೆಗೆ ರಜೆ. ಅವಳು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು, ನನ್ನ ಕೋಣೆಗೆ ಬಂದಿರಲಿಲ್ಲ. ಸುಮ್ಮನೆ ಕೂತರೆ ಮನಸ್ಸು ನಾಳೆಯ ಕಡೆಗೇ ಓಡುತ್ತಿತ್ತು. ಜೋತುಬಿದ್ದ ಕೆಂಪು ಪಟ್ಟಿಗಳನ್ನೆಲ್ಲ ಬಿಚ್ಚಿ, ಅಂಚು ಕತ್ತರಿಸಿ ಮತ್ತೆ ಹೊಲಿಯತೊಡಗಿದೆ. ಈ ಸಲ ಒಂದೊಂದೂ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿತು. ಕೊನೆಗೆ ಒಂದು ಪಟ್ಟಿ ಉಳಿಯಿತು. ಎಲ್ಲಕ್ಕಿಂತ ಉದ್ದ, ರಿಬ್ಬನ್ನಿನ ಹಾಗೆ ಕಿರಿದು. ಬೇರೆಯವೆಲ್ಲ ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿದರೆ, ಇದು ಸೊಂಟದ ಹೊರಮೂಲೆಯಿಂದ ಹೊರಟು, ತೊಡೆಯನ್ನು ಓರೆಯಾಗಿ ದಾಟಿ, ಮೊಣಕಾಲ ಒಳಬದಿಗೆ ಹೋಗಿ ಸೇರುತ್ತಿತ್ತು. ನಾವು ಕ್ರಾಸ್ ಪಟ್ಟಿ ಕತ್ತರಿಸುತ್ತೇವಲ್ಲ, ಥೇಟ್ ಹಾಗೇ. ಇದನ್ನು ಇಷ್ಟು ಓರೆಯಾಗಿ ಯಾಕೆ ಹೊಲಿದಿದ್ದಾರೆ ಅಂತ ತಿಳಿಯದೆ, ತಡೆಯಲಾಗದೆ, ಪುಸ್ತಕ ಮತ್ತೆ ತೆಗೆದೆ.

ಸಾರ್ಟೋರಿಯಸ್. ಮನುಷ್ಯನ ದೇಹದ ಅತ್ಯಂತ ಉದ್ದನೆಯ ಮಾಂಸಖಂಡ. ಬೆರಳು ಪುಟದ ತಳಕ್ಕಿಳಿಯಿತು. ಲ್ಯಾಟಿನ್ನಿನ ಸಾರ್ಟರ್ ಎಂಬ ಪದದಿಂದ. ಸಾರ್ಟರ್ ಎಂದರೆ ತೇಪೆ ಹಾಕುವವನು, ದರ್ಜಿ. ಹಿಂದಿನ ಕಾಲದ ದರ್ಜಿಗಳು ಕಾಲನ್ನು ಒಂದರ ಮೇಲೊಂದು ಮಡಿಸಿ ಕೂತು ಹೊಲಿಯುತ್ತಿದ್ದರು, ಹಾಗೆ ಕೂರಲು ನೆರವಾಗುವ ಖಂಡವಾದ್ದರಿಂದ ಈ ಹೆಸರು.

ನನ್ನ ಬೆರಳು ಆ ಸಾಲಿನ ಮೇಲೆ ಹಾಗೇ ನಿಂತಿತು. ನಾಲ್ಕು ಸಲ ಓದಿದೆನೋ ಹತ್ತು ಸಲವೋ, ಗೊತ್ತಿಲ್ಲ. ಕಣ್ಣು ತುಂಬಿ ಅಕ್ಷರಗಳು ಕಲಸಿಹೋದವು. ನಾನು ಹೆಸರು ಕೇಳಿರದ ಊರುಗಳಲ್ಲಿ, ನನ್ನ ಟೇಬಲ್ಲಿನಂಥದ್ದೇ ಟೇಬಲ್ಲುಗಳ ಮೇಲೆ, ಕಿಟಕಿಯ ಬೆಳಕಿಗೆ ಮುಖ ಮಾಡಿ, ದರ್ಜಿಗಳು ನನ್ನಂತೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ದೇಹ ಬಗೆದು ನೋಡಿದ ಯಾರೋ ದೊಡ್ಡ ಪಂಡಿತ, ಎಲ್ಲಕ್ಕಿಂತ ಉದ್ದನೆಯ ಖಂಡಕ್ಕೆ ಹೆಸರು ಹುಡುಕುವಾಗ ರಾಜನನ್ನು ನೆನೆಯಲಿಲ್ಲ, ಸೇನಾಪತಿಯನ್ನು ನೆನೆಯಲಿಲ್ಲ. ನಮ್ಮನ್ನು ನೆನೆದ. ಓಡುವ ಹುಡುಗರ ತೊಡೆಯಲ್ಲೂ, ಜೆರಾಕ್ಸಿನವನ ತೊಡೆಯಲ್ಲೂ, ನನ್ನ ಕೋಟು ಸರಿಯಿಲ್ಲ ಅಂತ ಜಗಳವಾಡಿದ ಗಿರಾಕಿಗಳ ತೊಡೆಯಲ್ಲೂ ಒಬ್ಬೊಬ್ಬ ದರ್ಜಿ ಇದ್ದಾನೆ. ನನ್ನ ತೊಡೆಯಲ್ಲಿಯೂ ಇದ್ದಾನೆ, ಕೂರಲು ಜಾಗವಿಲ್ಲದೆ ಒಣಗುತ್ತಿದ್ದಾನೆ.

"ಏಯ್!" ಅಂತ ಕೂಗಿದೆ. "ಬಾರೇ ಇಲ್ಲಿ! ಬೇಗ ಬಾ!"

ನಾನು ಮತ್ತೆ ಬಿದ್ದೆ ಅಂತಲೇ ತಿಳಿದು ಸೊಸೆ ಒದ್ದೆ ಕೈಯಲ್ಲೇ ಓಡಿ ಬಂದಳು. ನಾನು ಆಗಲೇ ಮಂಚದ ಅಂಚಿಗೆ ಸರಿದು ಕೂತಿದ್ದೆ.

"ಮಡಿಸು" ಅಂದೆ.

"ಏನಾಯ್ತು ಅತ್ತೆ?"

"ಕೇಳ್ಬೇಡ, ಮಡಿಸು. ನಾನು ಎಷ್ಟೇ ಕಿರುಚಿದ್ರೂ ಬಿಡಬೇಡ."

ಪುಸ್ತಕದ ಆ ಸಾಲಿನ ಮೇಲೆ ಅವಳ ಒದ್ದೆ ಬೆರಳಿಟ್ಟೆ. ಓದಿದಳು. ಓದಿ ಮುಖ ಎತ್ತಿದಾಗ ಅವಳ ಮುಖವನ್ನು ನೋಡಬೇಕಿತ್ತು. ನೆಲದ ಮೇಲೆ ಕೂತು ನನ್ನ ಹಿಮ್ಮಡಿ ಹಿಡಿದಳು.

ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಣ್ಣು ಕತ್ತಲೆ ಬಂತು. ಮೊದಲೆಲ್ಲ ಅಲ್ಲಿಗೇ ಕಾಲನ್ನು ಬಿಗಿ ಹಿಡಿದುಬಿಡುತ್ತಿದ್ದೆ. ಆವತ್ತು ಬಿಗಿ ಹಿಡಿಯಲಿಲ್ಲ, ಬಾಯಿಗೆ ಬಂದ ಹೆಸರನ್ನೆಲ್ಲ ಕೂಗತೊಡಗಿದೆ. "ತಟ್ಟೆ! ಕೊಳಲು! ಇಲಿ! ಅಯ್ಯಯ್ಯಪ್ಪಾ, ಕೋಗಿಲೆ!" ಸೊಸೆ ಅಳುತ್ತಾ ನಗುತ್ತಾ ತಳ್ಳುತ್ತಲೇ ಇದ್ದಳು. ಯಾವಾಗಲೂ ನಿಲ್ಲುತ್ತಿದ್ದ ಜಾಗ ಬಂತು, ಆ ಜಾಗ ದಾಟಿತು. ಒಳಗೆ ಏನೂ ಕೀಳಲಿಲ್ಲ, ಏನೂ ಒಡೆಯಲಿಲ್ಲ. ಬಗ್ಗಿ ನೋಡಿದರೆ ನನ್ನ ಪಾದ ಮಂಚದ ಕೆಳಗೆ ಹೋಗಿತ್ತು. ನಾನು ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತೆ. ಬಾಗಿಲಲ್ಲಿ ನಿಂತಿದ್ದ ನಮ್ಮನೆಯವರು, ಯಾರಿಗೆ ಏನಾಗಿದೆ ಅಂತ ತಿಳಿಯದೆ, ಇಬ್ಬರಿಗೂ ನೀರು ತಂದುಕೊಟ್ಟರು.

ಭಾನುವಾರ ಜೆರಾಕ್ಸಿನವನು ಬಂದ. ಕ್ಷಮಿಸಪ್ಪಾ, ಗೋಡೆ ಅಲ್ಲೇ ಇರಲಿ ಅಂದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. "ನೀವಿಲ್ಲದೆ ಆ ಗಲ್ಲಿ ಬಿಕೋ ಅಂತಿತ್ತು ಅಮ್ಮಾ" ಅಂದ. ಹೋಗುವ ಮುಂಚೆ ಅವನ ತೊಡೆಯಲ್ಲಿ ಏನಿದೆ ಅಂತ ವಿವರಿಸಿ ಹೇಳಿದೆ. ಪಾಪ, ಮೆಟ್ಟಿಲಿಳಿಯುವಾಗ ಕಾಲು ನೋಡಿಕೊಂಡೇ ಇಳಿದ.

ಆಮೇಲೂ ಸುಲಭವಾಗಿರಲಿಲ್ಲ. ದಿನವೂ ಸ್ವಲ್ಪ, ದಿನವೂ ಒಂದಿಷ್ಟು ಕಿರುಚಾಟ. ಬೀದಿಯವರು ನನ್ನ ಕೂಗು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಕಾಲು ಚೆನ್ನಾಗಿ ಮಡಚುವಂತಾದ ಮೇಲೆ ಒಂದು ಬೆಳಿಗ್ಗೆ ಸೊಸೆ ಆಸ್ಪತ್ರೆಗೆ ರಜೆ ಹಾಕಿ, ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದಳು. ಬೀಗ ತೆಗೆದಳು, ಕಿಟಕಿ ತೆರೆದಳು, ಟೇಬಲ್ಲಿನ ಧೂಳು ಒರೆಸಿದಳು. ನಾನು ಅವಳ ಭುಜ ಹಿಡಿದು ಹತ್ತಿದೆ. ಎಡಗಾಲು ತಾನಾಗಿ ಮಡಚಿತು. ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ, ಮೆಲ್ಲಮೆಲ್ಲಗೆ ಎಳೆದುಕೊಂಡೆ. ಎಳೆಯುತ್ತಾ ಎಳೆಯುತ್ತಾ ಅದು ಎಡಗಾಲಿನ ಮೇಲೆ ಬಂದು ಕೂತಿತು.

ಸೊಸೆ ಸೀರೆಯ ಮೇಲಿಂದಲೇ ನನ್ನ ತೊಡೆಯ ಮೇಲೆ ಹೆಬ್ಬೆರಳಿಟ್ಟು, ಸೊಂಟದಿಂದ ಮೊಣಕಾಲವರೆಗೆ ಓರೆಯಾಗಿ ಒತ್ತಿಕೊಂಡು ಬಂದಳು. ನಡುವೆ ಒಂದು ಕಡೆ ನಿಂತಳು. ಅವಳ ಬೆರಳ ಕೆಳಗೆ ಏನೋ ಬಿಗಿಯಾಗಿ ಎದ್ದು ನಿಂತದ್ದು ನನಗೂ ತಿಳಿಯಿತು.

"ಇದಾನೆ ಅತ್ತೆ!" ಅಂದಳು. "ನಿಮ್ಮ ದರ್ಜಿ. ಇಲ್ಲೇ ಇದಾನೆ!"

"ಇದಾನೆ ಅಂತ ಯಾರು ಹೇಳಿದ್ದು?" ಅಂದೆ, ಕಣ್ಣೊರೆಸಿಕೊಳ್ಳುತ್ತಾ. "ಇದಾಳೆ ಅನ್ನು."

ಅವಳು ನಕ್ಕು ಹೂಂ ಅಂದಳು. ನಾನು ಬಾಕಿ ಉಳಿದಿದ್ದ ಒಂದು ಕೋಟಿನ ಕಾಲರನ್ನು ಮೊಣಕಾಲ ಮೇಲೆ ಹರಡಿಕೊಂಡು ದಾರ ಕೇಳಿದೆ.